ಮೂರು ಚಕ್ರದ ಚಳಿಗಾಲ

"ಅದು ಆಗದ ಮಾತು" ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಬಸಣ್ಣ. ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ, ನನ್ನೆದುರಿಗೇ, ನಮ್ಮವ್ವನಿಗೆ ಹೇಳಿದ್ದರು: "ಗಿರ್ಜಿಗೆ ಪಿಯುಸಿ ಆತಲ್ಲ, ಸಾಕು. ಡಿಗ್ರಿ ಅದು ಇದು ಅಂತ ಆಸೆ ಹಚ್ಚಬ್ಯಾಡ. ಎರಡು ಕಾಲು ನೆಟ್ಟಗಿದ್ದವರೇ ನಮ್ಮ ಮನ್ಯಾಗ ಅಷ್ಟು ಓದಿಲ್ಲ." ಅವರು ಕೆಟ್ಟವರಲ್ಲ. ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಹುಬ್ಬಳ್ಳಿಗೆ ಹೋಗಿ ಕಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಹಾಕಿಸಿಕೊಂಡು ಬಂದವರೂ ಅವರೇ. ತಾವು ಕಂಡಷ್ಟು ಲೋಕವನ್ನು ನೋಡಿ ಹೇಳಿದ್ದರು. ಅದೇ ಮಾತನ್ನು ನಾನು ಎರಡನೆಯ ಸಲ ಕೇಳಿದ್ದು ಹದಿನಾರು ವರ್ಷಗಳ ನಂತರ, ನೆದರ್ಲೆಂಡ್ಸ್‌ನಲ್ಲಿ, ಹೆಂಕ್ ಎಂಬ ಡಚ್ಚರ ಬಾಯಲ್ಲಿ. ಅವರೂ ಕೆಟ್ಟವರಲ್ಲ.

ಕಳೆದ ವಾರ ಮೈಸೂರಿನ ಮನೆಯಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದಾಗ ಬಟ್ಟೆಗಳ ಅಡಿಯಲ್ಲಿ ಒಂದು ಜೊತೆ ದಪ್ಪ ಚರ್ಮದ ಗ್ಲೌಸು ಸಿಕ್ಕವು. ಮೂಗಿಗೆ ಹಿಡಿದೆ. ಪೆಟ್ರೋಲು, ಒದ್ದೆ ಉಣ್ಣೆ, ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು. ಹೊರಗೆ ಬೇಸಿಗೆಯ ಬಿಸಿಲು ಸುಡುತ್ತಿತ್ತು. ನನ್ನ ಬೆರಳ ತುದಿಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಜುಮುಗುಟ್ಟಿದವು.

ನನ್ನ ಬಲಗಾಲು ಪೋಲಿಯೊದ್ದು. ಗಂಡ ಚಂದ್ರು ಮೈಸೂರಿನವರು, ಡಿಪ್ಲೊಮಾ ಓದಿದವರು. ಬೆಂಗಳೂರಿನ ಒಂದು ಕಂಪನಿಯ ಮೂಲಕ ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್‌ಗೆ ಹೋಗಿ ಚಿಪ್ ತಯಾರಿಸುವ ಯಂತ್ರಗಳನ್ನು ಜೋಡಿಸುತ್ತಿದ್ದರು. ಅವರ ಹಿಂದೆ ಹೋದ ನಾನು ಮೊದಲು ಡಚ್ ಕಲಿತೆ, ಆಮೇಲೆ ಕಾಲೇಜು ಸೇರಿದೆ. ಓದಿದ್ದು ಕ್ಯಾಲಿಪರ್ ಮತ್ತು ಕೃತಕ ಕಾಲು ಮಾಡುವ ವಿದ್ಯೆ. ನೆನಪು ಬಂದಾಗಿನಿಂದ ಕ್ಯಾಲಿಪರ್ ಹಾಕಿಕೊಂಡವಳಿಗೆ ಅದು ಎಲ್ಲೆಲ್ಲಿ ಕಚ್ಚುತ್ತದೆ ಎಂದು ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಉಳಿದದ್ದೆಲ್ಲ ಹೇಳಿಕೊಡಬೇಕಿತ್ತು. ಒಂದು ಪುಟಕ್ಕೆ ಒಂದು ಇಡೀ ಸಂಜೆ ಹಿಡಿದ ದಿನಗಳಿವೆ. ನಮ್ಮ ಮನೆಯಲ್ಲಿ, ಅವರ ಮನೆಯಲ್ಲಿ, ಎರಡೂ ಕಡೆ ಡಿಗ್ರಿ ಎಂಬುದನ್ನು ಯಾರೂ ಮುಟ್ಟಿರಲಿಲ್ಲ. ಹೀಗಾಗಿ ತಿಳಿಯದ್ದನ್ನು ಕೇಳಲು ಯಾರೂ ಇರಲಿಲ್ಲ. ಸೋತರೆ ಯಾಕೆ ಸೋತೆ ಎಂದು ತಿಳಿಯುವವರೂ ಇರಲಿಲ್ಲ.

ಕೊನೆಗೆ ಉಳಿದದ್ದು ಆರು ತಿಂಗಳ ಇಂಟರ್ನ್‌ಶಿಪ್. ಸಿಕ್ಕಿದ್ದು ವೆಲ್ಡ್‌ಹೋವನ್‌ನಿಂದ ಹದಿನಾರು ಕಿಲೋಮೀಟರ್ ದೂರ, ಬೆಲ್ಜಿಯಮ್ ಗಡಿಯ ಕಡೆಯ ಹಳ್ಳಿಯೊಂದರ ವರ್ಕ್‌ಶಾಪಿನಲ್ಲಿ. ಅದರ ಯಜಮಾನರೇ ಹೆಂಕ್. ಅಲ್ಲಿಗೆ ಗಂಟೆಗೊಂದು ಬಸ್ಸು, ಬಸ್ ನಿಲ್ದಾಣದಿಂದ ಮತ್ತೆ ಎರಡು ಕಿಲೋಮೀಟರ್ ನಡಿಗೆ. ಆ ದೇಶದಲ್ಲಿ ಎಲ್ಲರೂ ಏರುವ ಸೈಕಲ್ಲು ನನಗೆ ಆಗದು. ಆಗ ಕಂಡದ್ದು ಆ ಮೂರು ಚಕ್ರದ ಮೋಟಾರ್ ಸೈಕಲ್ಲು. ಮುಂದೆ ಒಂದು ಚಕ್ರ, ಹಿಂದೆ ಎರಡು. ನಮ್ಮ ಆಟೋದ ಮೈಮೇಲಿನದೆಲ್ಲ ಕಳಚಿಟ್ಟಂತೆ. ಪಕ್ಕದ ಊರಿನ ಮುದುಕರೊಬ್ಬರು ಮಾರಲು ಇಟ್ಟಿದ್ದರು. ರಾಣೆಬೆನ್ನೂರಿನಲ್ಲಿ ಸರ್ಕಾರ ಕೊಟ್ಟ ಮೂರು ಚಕ್ರದ ಸ್ಕೂಟರ್ ಓಡಿಸಿ ಕೈ ಪಳಗಿತ್ತು. ಬ್ರೇಕೆಲ್ಲ ಕೈಗೆ ಬರುವಂತೆ ಮಾಡಿಸಿ, ಅಲ್ಲಿಯ ಪರೀಕ್ಷೆ ಕೊಟ್ಟು ಲೈಸೆನ್ಸ್ ತೆಗೆದುಕೊಂಡೆ.

"ಮೀಟರ್ ಒಂದು ಹಾಕಿಸ್ಬಿಡು," ಎಂದರು ಚಂದ್ರು ಗಾಡಿಯ ಸುತ್ತ ಒಂದು ಸುತ್ತು ಬಂದು. "ಸ್ಟೇಷನ್ ಹತ್ರ ನಿಂತ್ಕೊಂಡ್ರೆ ನಂಗಿಂತ ಜಾಸ್ತಿ ದುಡೀತೀಯ."

"ನೀವು ಹಿಂದ ಕೂತ್ರ ಡಬಲ್ ಚಾರ್ಜ್ ರೀ," ಎಂದೆ.

ನಾವು ಆ ವರ್ಷ ನಕ್ಕದ್ದು ಹೆಚ್ಚುಕಡಿಮೆ ಅದೇ ಕೊನೆ.

ನವೆಂಬರಿನಲ್ಲಿ ನಿಮೋನಿಯಾ ಬಂದು ಮಲಗಿದೆ. ಕಾಲೇಜಿನ ನಿಯಮದಂತೆ ಇಂಟರ್ನ್‌ಶಿಪ್ಪಿನಲ್ಲಿ ತಪ್ಪಿಸಬಹುದಾದ ದಿನಗಳೆಲ್ಲ ಅದಕ್ಕೇ ಹೋದವು. ಇನ್ನು ಒಂದು ದಿನ ತಪ್ಪಿದರೂ ಜನವರಿ ಕೊನೆಯ ಗುರುವಾರದ ಪರೀಕ್ಷೆಗೆ ಕೂರಿಸುವುದಿಲ್ಲ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಉಳಿದ ಹುಡುಗರಿಗೆ ಮುಂದಿನ ವರ್ಷ ಎಂದರೆ ಬೇಜಾರು, ಅಷ್ಟೆ. ನನಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ. ಮಾರ್ಚ್ ಕೊನೆಗೆ ಚಂದ್ರು ಅವರ ಕೆಲಸ ಮುಗಿಯುತ್ತಿತ್ತು, ಅದರ ಜೊತೆಗೇ ಅಲ್ಲಿರಲು ನಮ್ಮಿಬ್ಬರಿಗಿದ್ದ ಪರ್ಮಿಟ್ಟೂ. ವಿಮಾನದ ಟಿಕೆಟ್ಟು ಆಗಿತ್ತು. ಡಿಸೆಂಬರ್ ಕೊನೆಗೆ ಬಂದ ಅತ್ತೆ, ಮಗ ಸೊಸೆ ಇರುವ ದೇಶವನ್ನು ಒಮ್ಮೆ ನೋಡಿ ನಮ್ಮ ಜೊತೆಗೇ ವಾಪಸು ಹೋಗುವವರಿದ್ದರು.

ಜನವರಿಯ ಮೊದಲ ವಾರ ಹಿಮ ಬಿತ್ತು. ಆ ಕಡೆ ಹಿಮ ಬೀಳುವುದೇ ಅಪರೂಪ. ಬಿದ್ದರೂ ಮರುದಿನಕ್ಕೆ ಕೆಸರಾಗಿ ಹೋಗುತ್ತದೆ. ಆ ಸಲ ಹೋಗಲಿಲ್ಲ. ಹಗಲು ಸ್ವಲ್ಪ ಕರಗುವುದು, ರಾತ್ರಿ ಗಟ್ಟಿಯಾಗುವುದು, ಅದರ ಮೇಲೆ ಮತ್ತೆ ಬೀಳುವುದು. ಬಸ್ಸುಗಳು ನಿಂತವು. ನನ್ನಂಥವರಿಗೆಂದೇ ಇರುವ ಟ್ಯಾಕ್ಸಿಗೆ ಫೋನು ಮಾಡಿದರೆ, ಆಸ್ಪತ್ರೆಗೆ ಹೋಗುವವರಿಗೆ ಮಾತ್ರ ಎಂದು ಯಂತ್ರದ ದನಿ. ಕಾರಿದ್ದ ಕನ್ನಡದ ಗೆಳೆಯರೊಬ್ಬರು ಒಂದು ದಿನ ಬಿಟ್ಟುಬಂದರು. ವಾಪಸು ಹೋಗುವಾಗ ಅವರ ಕಾರು ಜಾರಿ ಬೇಲಿಗೆ ತಾಗಿತು. ಮತ್ತೆ ಕೇಳುವ ಮುಖ ನನಗಿರಲಿಲ್ಲ.

ಹೀಗೆ ಬೆಳಗ್ಗೆ ಏಳಕ್ಕೆ, ಇನ್ನೂ ಕತ್ತಲಿರುವಾಗಲೇ, ನಾನು ಮತ್ತು ಆ ಮೂರು ಚಕ್ರ.

ಕಾರುಗಳು ಹಿಮದಲ್ಲಿ ಎರಡು ಗೆರೆ ತುಳಿದು ಹೋಗುತ್ತವೆ. ಆ ಗೆರೆಗಳಲ್ಲಿ ಡಾಂಬರು ಕಾಣುತ್ತದೆ. ನನ್ನ ಗಾಡಿಯ ಹಿಂದಿನ ಚಕ್ರಗಳು ಹೇಗೋ ಅವುಗಳಲ್ಲಿ ಕೂರುತ್ತಿದ್ದವು. ಆದರೆ ಮುಂದಿನ ಒಂಟಿ ಚಕ್ರ, ಹ್ಯಾಂಡಲ್ಲಿನ ಮಾತು ಕೇಳಬೇಕಾದ ಚಕ್ರ, ಸರಿಯಾಗಿ ನಡುವಿನ ಹಿಮದ ದಿಬ್ಬದ ಮೇಲೆ ಓಡಬೇಕಿತ್ತು. ಅದನ್ನು ಗೆರೆಗೆ ಇಳಿಸಿದರೆ ಹಿಂದಿನದೊಂದು ದಿಬ್ಬ ಹತ್ತಿ ಗಾಡಿ ವಾಲುತ್ತಿತ್ತು. ಎರಡು ಚಕ್ರದವರಿಗೆ ಒಂದು ಗೆರೆ ಸಾಕು, ನಾಲ್ಕು ಚಕ್ರದವರಿಗೆ ಎರಡು ಇದ್ದವು. ಮೂರು ಚಕ್ರದವಳಿಗೆ ಆ ರಸ್ತೆಯಲ್ಲಿ ಗೆರೆಯೇ ಇರಲಿಲ್ಲ. ಹದಿನಾರು ಕಿಲೋಮೀಟರಿಗೆ ಒಂದೂವರೆ ಗಂಟೆ. ಕ್ಯಾಲಿಪರಿನ ಕಬ್ಬಿಣ ಚಳಿಯನ್ನು ಎಳೆದುಕೊಂಡು ಎಲುಬಿಗೆ ಒಪ್ಪಿಸುತ್ತಿತ್ತು. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಮತ್ತೊಂದು ಕಾಲುಚೀಲ. ಹೆಲ್ಮೆಟ್ಟಿನ ಗಾಜಿನೊಳಗೆ ಉಸಿರು ಮಂಜಾಗುತ್ತದೆಂದು ಗಾಜು ಎತ್ತಿದರೆ ಕಣ್ಣಿಗೆ ಹಿಮದ ಹರಳು.

ಎರಡನೆಯ ವಾರ ಬಿದ್ದೆ. ಹಳ್ಳಿಯ ಹೊರಗಿನ ವೃತ್ತದಲ್ಲಿ ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ, ಗಾಡಿ ನೇರಕ್ಕೇ ಹೋಯಿತು. ವೃತ್ತದ ನಡುವಿನ ಹುಲ್ಲುದಿಬ್ಬಕ್ಕೆ ಡಿಕ್ಕಿ ಹೊಡೆದು ನಿಂತಿತು. ನಾನು ಆ ಕಡೆ ಹಾರಿ ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಆದರೆ ಏಳಲು ಆಗಲಿಲ್ಲ. ನಾನು ನಿಲ್ಲಬೇಕಾದರೆ ಮೊಣಕಾಲನ್ನು ನೆಟ್ಟಗೆ ಮಾಡಿ ಕ್ಯಾಲಿಪರಿನ ಲಾಕನ್ನು ಕೆಳಗೆ ಸರಿಸಬೇಕು. ಲಾಕಿನ ಸಂದಿಯಲ್ಲಿ ಹಿಮ ತುಂಬಿ ಕಲ್ಲಾಗಿತ್ತು. ಹೆಲ್ಮೆಟ್ಟು ತೆಗೆದು, ಕೂತಲ್ಲೇ ಬಗ್ಗಿ ಅದಕ್ಕೆ ಬಾಯಿಟ್ಟು ಉಸಿರು ಊದಿದೆ. ಮತ್ತೆ ಮತ್ತೆ ಊದಿದೆ. ಒಂದು ಕಾರೂ ಬರಲಿಲ್ಲ. ಆಗ, ಯಾರಿಗೂ ಹೇಳಿಲ್ಲದ ಮಾತು ಇದು, ಅಲ್ಲೇ ಮಲಗಿಬಿಡೋಣ ಅನ್ನಿಸಿತು. ಸಾಯುವ ಯೋಚನೆಯಲ್ಲ. ಯಾರಾದರೂ ಬಂದು, 'ಆಯಿತು ಬಿಡು, ಇನ್ನು ನೀನು ಹೋಗಬೇಕಾಗಿಲ್ಲ' ಎಂದು ಹೇಳಲಿ ಎಂಬ ಆಸೆ. ಯಾರೂ ಬರಲಿಲ್ಲ. ಲಾಕು ಕಟಕ್ಕೆಂದು ಇಳಿಯಿತು.

ಆ ದಿನ ಮುಕ್ಕಾಲು ಗಂಟೆ ತಡ. ಹೆಂಕ್ ನನ್ನ ಮೈಮೇಲಿನ ಹಿಮ ನೋಡಿದರು, ಗಡಿಯಾರ ನೋಡಲಿಲ್ಲ. ಕಾಫಿ ಕೊಟ್ಟು ಎದುರಿಗೆ ಕೂತರು.

"ಗಿರಿಜಾ, ಇದು ಆಗೋದಿಲ್ಲ. ಒಂದು ದಿನ ನೀನು ಲಾರಿಯ ಕೆಳಗೆ ಹೋಗ್ತೀಯ. ಮುಂದಿನ ವರ್ಷ ಬಾ, ನಿನ್ನ ಜಾಗ ಇಟ್ಟಿರ್ತೀನಿ."

"ಮುಂದಿನ ವರ್ಷ ನಾನು ಈ ದೇಶದಲ್ಲಿ ಇರೋದಿಲ್ಲ."

"ಹಾಗಾದರೆ ನಿಮ್ಮ ದೇಶದಲ್ಲಿ ಮುಗಿಸು."

"ಅಲ್ಲಿ ಇದು ಅರ್ಧದಿಂದ ಶುರುವಾಗೋದಿಲ್ಲ ಹೆಂಕ್. ಮೊದಲಿಂದ ಶುರುವಾಗ್ತದೆ."

ಅವರು ಖಾಲಿ ಲೋಟ ಎತ್ತಿಕೊಂಡು ಎದ್ದರು. ಹಾಜರಿ ಪುಸ್ತಕದಲ್ಲಿ ಆ ದಿನಕ್ಕೆ ಪೂರ್ತಿ ದಿನ ಎಂದೇ ಬರೆದರು. ಅದನ್ನು ನಾನು ಸಂಜೆ ನೋಡಿದೆ.

ಮನೆಯಲ್ಲಿ ಅತ್ತೆಗೆ ಜಾರಿಬಿದ್ದದ್ದು ಹೇಳಿರಲಿಲ್ಲ. ಕೋಟಿನ ಹರಿದ ತೋಳು ಹೇಳಿಬಿಟ್ಟಿತು. ಅತ್ತೆ ಜಯಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವರಲ್ಲ.

"ಇರೋ ಒಂದು ಕಾಲನ್ನೂ ಮುರ್ಕೊಂಡು ಬಂದ್ರೆ ನಿಮ್ಮಮ್ಮಂಗೆ ನಾನೇನ್ ಹೇಳ್ಲಿ? ಏ ಚಂದ್ರು, ಸುಮ್ನೆ ಕೂತಿದೀಯಲ್ಲೋ. ಹೇಳೋ."

"ನಾನು ಹೇಳಿದ್ರೆ ಕೇಳ್ತಾಳಾ?" ಎಂದರು ಚಂದ್ರು. ಆಮೇಲೆ ತಟ್ಟೆ ನೋಡುತ್ತಾ ನನಗೆ ಹೇಳಿದರು, "ಬೇಡ ಗಿರಿಜಾ. ಸಾಕು. ನಿಂಗೆ ಬರುತ್ತೆ ಅಂತ ನಮಗೆಲ್ಲ ಗೊತ್ತಲ್ಲ."

"ನಿಮಗ ಗೊತ್ತಾದ್ರ ಏನಾತ್ರೀ," ಎಂದೆ. "ಕ್ಯಾಲಿಪರ್ ಹಾಕಿಸ್ಕೊಳ್ಳಾಕ ಬಂದವರು ನಿಮ್ಮನ್ನ ಕೇಳ್ತಾರೇನು?"

ಮರುದಿನ ಬೆಳಗ್ಗೆ ಅತ್ತೆ ಎದ್ದು, ನಾನು ಕೇಳದೆಯೇ, ಫ್ಲಾಸ್ಕಿಗೆ ಮೆಣಸಿನ ಕಷಾಯ ಹಾಕಿ ಕೊಟ್ಟರು. ಮುಖ ಮಾತ್ರ ಆ ಕಡೆಗಿತ್ತು.

ಪರೀಕ್ಷೆಯ ಗುರುವಾರದ ಹಿಂದಿನ ಸಂಜೆ ಮತ್ತೆ ಜೋರಾಗಿ ಬಿತ್ತು. ಪರೀಕ್ಷೆ ಹೀಗಿತ್ತು: ನಾನೇ ಅಳತೆ ತೆಗೆದು, ನಾನೇ ಮಾಡಿದ ಕ್ಯಾಲಿಪರನ್ನು ರೋಗಿಯೊಬ್ಬರಿಗೆ ತೊಡಿಸಿ, ಎಲ್ಲಿ ಒತ್ತುತ್ತದೆ ಎಂದು ಕಂಡುಹಿಡಿದು, ತಿದ್ದಿ, ಅವರನ್ನು ನಡೆಸಿ ತೋರಿಸಬೇಕು. ಕಾಲೇಜಿನಿಂದ ಪರೀಕ್ಷಕಿ ಬರುತ್ತಾರೆ. ಒಂಬತ್ತೂವರೆಗೆ ಶುರು, ಹನ್ನೊಂದಕ್ಕೆ ಅವರು ಬೇರೊಬ್ಬರ ಪರೀಕ್ಷೆಗೆ ಹೊರಡುತ್ತಾರೆ.

ಬೆಳಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಕೇಳಿತು. ಕಷಾಯಕ್ಕೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸೀರೆಯ ಮೇಲೆ ಚಂದ್ರು ಅವರ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಅತ್ತೆ ಹೊರಗಿನಿಂದ ಬಂದರು. ಕೈಯಲ್ಲಿ ಖಾಲಿ ಬಕೆಟ್ಟು, ಮುಖದಲ್ಲಿ ಮೂರು ವಾರದ ನಂತರ ಮೊದಲ ಸಲ ಒಂದು ಗೆಲುವು.

"ನಿನ್ ಗಾಡಿ ಮೇಲಿನ ಐಸೆಲ್ಲ ತೆಗ್ದಿದೀನಿ ಹೋಗು. ಎರಡು ಬಕೆಟ್ ಬಿಸಿನೀರು ಹುಯ್ದೆ. ಬೆಣ್ಣೆ ಕರಗ್ದಂಗೆ ಕರಗೋಯ್ತು."

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ನಮ್ಮ ಕಡೆಯವರಿಗೆ ಬಿಸಿನೀರು ಎಂದರೆ ಎಲ್ಲಕ್ಕೂ ಮದ್ದು. ನೆಗಡಿಗೆ, ಜಿಡ್ಡಿಗೆ, ಮೈನೋವಿಗೆ. ಅವರ ಜಾಗದಲ್ಲಿ ನಮ್ಮವ್ವ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು. ಕೋಟು ಹಾಕಿಕೊಂಡು ಹೊರಗೆ ಹೋಗಿ ನೋಡಿದೆ. ಬೀದಿದೀಪದ ಬೆಳಕಿನಲ್ಲಿ ಗಾಡಿ ಗಾಜಿನ ಅಂಗಡಿಯಲ್ಲಿ ಇಟ್ಟ ಬೊಂಬೆಯ ಹಾಗೆ ಹೊಳೆಯುತ್ತಿತ್ತು. ಮೈನಸ್ ಏಳು ಡಿಗ್ರಿಯಲ್ಲಿ ಆ ನೀರು ಇಳಿದಲ್ಲೆಲ್ಲ ಹೆಪ್ಪುಗಟ್ಟಿತ್ತು. ಎಂಜಿನ್ ಶುರುವಾಯಿತು, ಗಾಡಿ ಅಲ್ಲಾಡಲಿಲ್ಲ. ರಾತ್ರಿ ನಾನೇ ಎಳೆದಿಟ್ಟಿದ್ದ ಹ್ಯಾಂಡ್‌ಬ್ರೇಕಿನೊಳಕ್ಕೆ ನೀರು ಹೋಗಿ, ಹಿಂದಿನ ಎರಡೂ ಚಕ್ರಗಳನ್ನು ಮಂಜುಗಡ್ಡೆ ಹಿಡಿದುಕೊಂಡಿತ್ತು.

ನಾನು ಗಾಡಿಯ ಮೇಲೇ ಕೂತೆ. ಅಳುವೂ ಬರಲಿಲ್ಲ. ಚಂದ್ರು ಬೆಳಗಿನ ಪಾಳಿಗೆ ಐದಕ್ಕೇ ಹೋಗಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

"ನಾನು ಹಾಳು ಮಾಡ್ಬಿಟ್ನಾ ಗಿರಿಜಾ?"

ಆಗ ನಾನು ಇಲ್ಲ ಎನ್ನಬೇಕಿತ್ತು. "ಹೌದು ಅತ್ತೆ," ಎಂದೆ. ಇವತ್ತಿಗೂ ಅದು ನನ್ನೊಳಗೆ ಚುಚ್ಚುತ್ತದೆ.

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡು ಕೂತರೇನೋ ಎಂದುಕೊಂಡೆ. ಎರಡು ನಿಮಿಷಕ್ಕೆ ನನ್ನ ಕೂದಲು ಒಣಗಿಸುವ ಡ್ರೈಯರು, ಅಡುಗೆಮನೆಯ ಉದ್ದನೆಯ ವೈರು, ಕಾಲ್ಮಣೆ ಹಿಡಿದು ಬಂದರು. ಹಿಮದ ಮೇಲೆ ಕಾಲ್ಮಣೆ ಹಾಕಿ ಕೂತರು. "ಎಲ್ಲಿಗೆ ಹಿಡೀಬೇಕು, ತೋರ್ಸು," ಎಂದರು. ತೋರಿಸಿದೆ. ಒಂದು ಚಕ್ರಕ್ಕೆ ಮುಕ್ಕಾಲು ಗಂಟೆ. ಅವರು ಬಿಸಿಗಾಳಿ ಹಿಡಿಯುವುದು, ಕರಗಿದ ನೀರು ಮತ್ತೆ ಗಟ್ಟಿಯಾಗುವ ಮೊದಲು ನಾನು ಬಟ್ಟೆಯಿಂದ ಹೀರಿ ತೆಗೆಯುವುದು. ನಡುವೆ ಡ್ರೈಯರು ಕಾದು ತಾನಾಗಿ ನಿಂತುಹೋಯಿತು. ಅದು ಆರುವವರೆಗೆ ಅತ್ತೆ ತಮ್ಮ ಎರಡೂ ಕೈಗಳನ್ನು ಆ ಬ್ರೇಕಿನ ಮೇಲೆ ಇಟ್ಟು ಕೂತರು. ತೆಗೆಯಿರಿ ಎಂದರೆ ತೆಗೆಯಲಿಲ್ಲ. ಎರಡೂ ಚಕ್ರ ಬಿಟ್ಟುಕೊಂಡಾಗ ಎಂಟೂಮುಕ್ಕಾಲು. ಅತ್ತೆಯ ಅಂಗೈ ಕೆಂಪಗೆ ಊದಿತ್ತು.

"ಹೋಗು," ಎಂದರು. "ನನ್ನ ನೋಡ್ತಾ ನಿಲ್ಬೇಡ."

ಆ ಹದಿನಾರು ಕಿಲೋಮೀಟರು ನನಗೆ ಸರಿಯಾಗಿ ನೆನಪಿಲ್ಲ. ಗಾಡಿ ಎರಡು ಕಡೆ ಪೂರ್ತಿ ಅಡ್ಡ ತಿರುಗಿದ್ದು ನೆನಪಿದೆ. ಬ್ರೇಕು ಹಿಡಿದರೆ ಮತ್ತೆ ಬಿಟ್ಟುಕೊಳ್ಳದೋ ಏನೋ ಎಂಬ ಹೆದರಿಕೆಗೆ ಹಿಡಿಯದೆಯೇ ಹೋದದ್ದು ನೆನಪಿದೆ. ಉಪ್ಪು ಎರಚುವ ಲಾರಿಯೊಂದು ಸಿಕ್ಕಿತು, ಅದರ ಹಿಂದೆ ಅಂಟಿಕೊಂಡು ಹೋದೆ. ಹರಳು ಹರಳಾದ ಉಪ್ಪು ಹೆಲ್ಮೆಟ್ಟಿಗೆ ಬಡಿಯುತ್ತಿತ್ತು. ಅದು ಬೇರೆ ದಾರಿಗೆ ತಿರುಗಿದಾಗ ಜೊತೆಗಾರರು ಕೈಬಿಟ್ಟು ಹೋದಂತಾಯಿತು.

ತಲುಪಿದಾಗ ಹತ್ತು ಗಂಟೆ ಇಪ್ಪತ್ತೈದು ನಿಮಿಷ. ಪರೀಕ್ಷಕಿ ಕೋಟು ಕೈಯಲ್ಲಿ ಹಿಡಿದು ನಿಂತಿದ್ದರು. ಹೆಂಕ್ ಅವರೊಂದಿಗೆ ತಗ್ಗಿದ ದನಿಯಲ್ಲಿ ಏನೋ ವಾದಿಸುತ್ತಿದ್ದರು. ಕುರ್ಚಿಯಲ್ಲಿ ಎಡಗಾಲ ಪ್ಯಾಂಟನ್ನು ಮೇಲಕ್ಕೆ ಮಡಚಿಕೊಂಡು ಟೋಸ್ ಕೂತಿದ್ದರು. ನಾನು ಕ್ಯಾಲಿಪರ್ ತೊಡಿಸಬೇಕಾದ ರೋಗಿ, ಎಪ್ಪತ್ತು ದಾಟಿದ ಹೆಂಗಸು. ಲಸಿಕೆ ಬರುವ ಮೊದಲು ಅವರ ಹಳ್ಳಿಗೂ ಪೋಲಿಯೊ ಬಂದುಹೋಗಿತ್ತು.

"ನಾನು ಎಲ್ಲಿಗೂ ಹೋಗೋದಿಲ್ಲ," ಎಂದರು ಟೋಸ್, ಪರೀಕ್ಷಕಿಗೆ ಕೇಳುವಂತೆ. "ಕ್ಯಾಲಿಪರ್ ಬಿಚ್ಚಿಟ್ಟು ಕೂತಿದ್ದೀನಿ. ಹೋಗು ಅಂದರೂ ಆಗೋದಿಲ್ಲ."

ಪರೀಕ್ಷಕಿ ಕೋಟನ್ನು ಮತ್ತೆ ಗೂಟಕ್ಕೆ ಹಾಕಿದರು. "ಹನ್ನೊಂದಕ್ಕೆ ಹೊರಡ್ತೀನಿ. ಅಷ್ಟರಲ್ಲಿ ಆದದ್ದು ಆಯಿತು."

ಗ್ಲೌಸು ತೆಗೆದೆ. ಬೆರಳುಗಳು ಬೇರೆ ಯಾರದ್ದೋ ಆಗಿದ್ದವು. ಈ ಕೆಲಸದಲ್ಲಿ ಬೆರಳ ತುದಿಯೇ ಕಣ್ಣು. ಕ್ಯಾಲಿಪರಿನ ಅಂಚು ಚರ್ಮವನ್ನು ಎಲ್ಲಿ ಒತ್ತುತ್ತದೆ, ಪ್ಲಾಸ್ಟಿಕ್ಕಿನ ಯಾವ ಜಾಗ ಕೂದಲೆಳೆಯಷ್ಟು ಉಬ್ಬಿದೆ, ಎಲ್ಲವನ್ನೂ ಅದು ಹೇಳಬೇಕು. ಅಂಚಿನ ಮೇಲೆ ಬೆರಳಾಡಿಸಿದೆ. ಏನೂ ತಿಳಿಯಲಿಲ್ಲ. ಮತ್ತೆ ಆಡಿಸಿದೆ. ಕಟ್ಟಿಗೆಯಿಂದ ಕಟ್ಟಿಗೆ ಸವರಿದ ಹಾಗೆ. ನಾಲ್ಕು ವರ್ಷ ಓದಿ, ಮೂರು ವಾರ ಹಿಮದಲ್ಲಿ ಬಿದ್ದೆದ್ದು ಬಂದು, ಕೊನೆಗೆ ಕೈಯೇ ಇಲ್ಲ. ಗಡಿಯಾರದ ಮುಳ್ಳು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಟೋಸ್ ನನ್ನ ಕೈಗಳನ್ನು ಎಳೆದು ತಮ್ಮ ಸ್ವೆಟರಿನ ಒಳಗೆ ಕಂಕುಳಿಗೆ ಸಿಕ್ಕಿಸಿಕೊಂಡರು. ಆ ಚಳಿಗೆ ಒಮ್ಮೆ ನಡುಗಿ, ಕಚ್ಚಿದ ಹಲ್ಲಿನಲ್ಲೇ ಬೈದರು: "ಇನ್ನು ಈ ಚಳಿಗಾಲದಲ್ಲಿ ನಾನು ಐಸ್‌ಕ್ರೀಮ್ ತಿನ್ನೋದಿಲ್ಲ."

ಐದು ನಿಮಿಷ ಹಾಗೆ ನಿಂತೆ. ಬೆರಳಿಗೆ ಜೀವ ಬರಲಿಲ್ಲ, ನೋವು ಮಾತ್ರ ಬಂತು. ಆಗ ಒಂದು ಹೊಳೆಯಿತು. ಊರಲ್ಲಿ ನನ್ನ ಕ್ಯಾಲಿಪರ್ ಕಚ್ಚಿದಾಗ ನಮ್ಮವ್ವ ಅದನ್ನು ಎತ್ತಿ ಕೆನ್ನೆಗೆ ಒತ್ತಿ ಸವರಿ ನೋಡುತ್ತಿದ್ದಳು. ರೊಟ್ಟಿ ಬಡಿದು ಬಡಿದು ಅವಳ ಬೆರಳುಗಳು ಸೂಕ್ಷ್ಮತೆ ಕಳೆದುಕೊಂಡಿದ್ದವು. ನನ್ನ ಕೆನ್ನೆ ಇಷ್ಟು ಹೊತ್ತೂ ಹೆಲ್ಮೆಟ್ಟಿನೊಳಗೆ ಬೆಚ್ಚಗಿತ್ತು. ಕ್ಯಾಲಿಪರನ್ನು ಎತ್ತಿ ಅಂಚಿಗೆ ಕೆನ್ನೆ ಇಟ್ಟು ನಿಧಾನಕ್ಕೆ ಸವರಿದೆ. ಮೊಣಕಾಲಿನ ಕೆಳಗೆ, ಒಳಭಾಗದಲ್ಲಿ ಸಿಕ್ಕಿತು. ಅಲ್ಲಿ ಗುರುತು ಹಾಕಿ, ಬಿಸಿಗಾಳಿಯಲ್ಲಿ ಮೆದು ಮಾಡಿ, ಉಜ್ಜಿ, ಮತ್ತೆ ಕೆನ್ನೆಗಿಟ್ಟು ನೋಡಿದೆ. ಪರೀಕ್ಷಕಿ ಏನೋ ಬರೆದುಕೊಂಡರು.

ಹತ್ತು ಐವತ್ತೆಂಟಕ್ಕೆ ಟೋಸ್ ಎದ್ದು ನಿಂತರು. ಬಾಗಿಲವರೆಗೆ ಹೋದರು, ತಿರುಗಿ ಬಂದರು. "ಹಳೆಯದು ಇಲ್ಲಿ ಕಚ್ಚುತ್ತಿತ್ತು," ಎಂದು ಮೊಣಕಾಲ ಕೆಳಗೆ ಮುಟ್ಟಿ ತೋರಿಸಿದರು. "ಇದು ಕಚ್ಚೋದಿಲ್ಲ."

ಪರೀಕ್ಷಕಿ ಹಾಳೆಯ ಕೊನೆಯಲ್ಲಿ ಆರು ಎಂದು ಬರೆದರು. ಹತ್ತಕ್ಕೆ ಆರು. ತಡವಾಗಿ ಬಂದದ್ದಕ್ಕೆ ಕಳೆದದ್ದು ಕಳೆದು, ಪಾಸಿಗೆ ಸಾಕಾಗುವಷ್ಟು. ನಾನು ಅದಕ್ಕಿಂತ ಒಳ್ಳೆಯ ಕೆಲಸಗಾರ್ತಿ. ಆದರೂ ಆ ಆರನ್ನು ನಾನು ಯಾರ ಹತ್ತಕ್ಕೂ ಕೊಡುವುದಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆಗೆ ಫೋನು ಮಾಡಿದೆ. "ಆಯ್ತಾ?" ಎಂದರು. ಹೂಂ ಎಂದೆ.

ವಿಮಾನ ಏರುವುದಕ್ಕೆ ನಾಲ್ಕು ದಿನ ಮೊದಲು, ಮಾರ್ಚಿನಲ್ಲಿ, ಕಾಲೇಜಿನ ಸಭಾಂಗಣದಲ್ಲಿ ಪ್ರಮಾಣಪತ್ರ ಕೊಟ್ಟರು. ಅಲ್ಲಿಯ ಪದ್ಧತಿಯೇ ಬೇರೆ. ಹೆಸರು ಕೂಗಿ ಕೈಕುಲುಕಿ ಕಳಿಸುವುದಿಲ್ಲ. ಪ್ರತಿಯೊಬ್ಬರ ಬಗ್ಗೆಯೂ ಅವರನ್ನು ಬಲ್ಲವರು ನಾಲ್ಕು ಮಾತು ಆಡುತ್ತಾರೆ. ಆಮೇಲೆ ಎಲ್ಲರ ಎದುರಿಗೇ ಆ ಪತ್ರಕ್ಕೆ ವಿದ್ಯಾರ್ಥಿ ತನ್ನ ಸಹಿ ಹಾಕಬೇಕು. ಆಗಲೇ ಅದು ಅವರದಾಗುವುದು. ನನ್ನ ಬಗ್ಗೆ ಹೆಂಕ್ ಮಾತಾಡಿದರು. ಹಿಮ ಬಿದ್ದ ದಿನಗಳಲ್ಲಿ ತಮ್ಮ ಕೆಲಸಗಾರರಲ್ಲಿ ಹತ್ತಿರದ ಮನೆಯವರೇ ಹೆಚ್ಚು ರಜೆ ಹಾಕಿದ್ದರೆಂದೂ, ಅವರೆಲ್ಲ ಹಿಂದಿನ ಸಾಲಿನಲ್ಲೇ ಕೂತಿರುವುದರಿಂದ ಹೆಸರು ಹೇಳುವುದಿಲ್ಲವೆಂದೂ ಹೇಳಿದರು. ಜನ ನಕ್ಕರು. ನಾನು ಮೆಟ್ಟಿಲು ಹತ್ತಿ, ಮೇಜಿಗೆ ಆತುಕೊಂಡು ನಿಂತು, ಕನ್ನಡದಲ್ಲಿ ಸಹಿ ಹಾಕಿದೆ. ಯಾರೂ ಬೇಡ ಎನ್ನಲಿಲ್ಲ.

ಕೆಳಗಿಳಿದು ಬಂದು ಪತ್ರವನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಮೊದಲು ಸೆರಗಿಗೆ ಕೈ ಒರೆಸಿಕೊಂಡರು. ಪತ್ರವನ್ನು ಬೆಳಕಿಗೆ ಹಿಡಿದು, ಓದಲು ಬಾರದ ಸಾಲುಗಳ ಮೇಲೆಲ್ಲ ಕಣ್ಣಾಡಿಸಿ, ಕೆಳಗೆ ನನ್ನ ಸಹಿ ಇದ್ದಲ್ಲಿಗೆ ಬಂದು ಅಕ್ಷರ ಕೂಡಿಸಿ ಓದಿದರು: ಗಿ, ರಿ, ಜಾ. ಅತ್ತೆ ಅದನ್ನು ಮಡಚದೆ ಎದೆಗೆ ಒರಗಿಸಿಕೊಂಡರು.

"ಇಂಥದ್ದನ್ನ ಇಡೋ ಜಾಗ ಅಂತ ನಮ್ಮನೇಲಿ ಯಾರೂ ಮಾಡೇ ಇಲ್ವಲ್ಲಮ್ಮ," ಎಂದರು. "ಹೋದ್ಮೇಲೆ ಮೊದ್ಲು ಅದನ್ನ ಮಾಡಿಸ್ಬೇಕು."